ತಗ್ಗಿನ ಮನೆಯ ರಾಯರು

ಮಳೆ ಬಂದರೆ ಜನ ಒಳಗೆ ಓಡುತ್ತಾರೆ. ರಾಯರು ಹೊರಗೆ ಬರುತ್ತಿದ್ದರು. ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿಕೊಂಡು, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ನಾಲ್ಕಾರು ಬೇವಿನ ಎಲೆ ಹಿಡಿದು ನಮ್ಮ ಗಲ್ಲಿಯ ಮೇಲ್ತುದಿಗೆ ಹೋಗುವರು. ಅಲ್ಲಿ ಹರಿಯುವ ನೀರಿಗೆ ಒಂದು ಎಲೆ ಬಿಟ್ಟು, ಅದು ಹೋದ ಕಡೆ ತಾವೂ ನಡೆಯುವರು. ಎಲೆ ಇಟ್ಟಿಗೆ ಚೂರಿಗೆ ಸಿಕ್ಕಿಕೊಂಡರೆ ನಿಂತು, ಕೊಡೆಯ ತುದಿಯಿಂದ ಬಿಡಿಸಿ, ಮತ್ತೆ ಹೊರಡುವರು. ದೆಹಲಿಯಲ್ಲಿ ಚರಂಡಿಗೆ ನಾಲಾ ಎನ್ನುತ್ತಾರೆ; ಗಲ್ಲಿಯ ಮಕ್ಕಳು "ನಾಲಾ ಅಂಕಲ್, ನಾಲಾ ಅಂಕಲ್" ಎಂದು ಕೂಗುತ್ತ ಹಿಂದೆ ಬರುತ್ತಿದ್ದವು. ಅದಕ್ಕೆ ಅವರು ಬೇಸರಪಟ್ಟದ್ದನ್ನು ನಾನು ಕಾಣೆ. ಎಲೆ ಯಾರ ಮನೆಯ ಮುಂದಿನಿಂದ ಹೊರಟರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಒಂದೇ ಕಡೆ, ಅವರದೇ ಮನೆಯ ಹೊಸ್ತಿಲಿನಲ್ಲಿ.

ಒಳಗೆ ಮಂಚದ ಮೇಲಿರುತ್ತಿದ್ದ ಅವರ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಕೀಲುವಾತದಿಂದ ಕಾಲೆರಡೂ ಬಿಗಿದುಹೋಗಿ ಎದ್ದು ನಡೆಯಲಾರದಾಗಿದ್ದರು. ನಾಲಿಗೆಗೆ ಮಾತ್ರ ಯಾವ ವಾತವೂ ತಟ್ಟಿರಲಿಲ್ಲ.

"ಬಂದ್ರೇನ್ರೀ ನೆಂಟರು?" ಎಂದು ಒಳಗಿನಿಂದ ಕೂಗುವರು.

"ಬಂದ್ರು ಕಣೇ. ಈ ಸಲ ಹೋಟೆಲಿನವರ ಮನೆ ಕಡೆಯಿಂದ ಬಂದಿದ್ದಾರೆ."

"ಬರಿಗೈಲಿ ಬಂದ್ರೋ, ಏನಾದ್ರೂ ತಂದ್ರೋ?"

"ಒಂದು ಹಳೇ ಚಪ್ಪಲಿ ತಂದಿದ್ದಾರೆ."

ಹೋದ ತಿಂಗಳು ಅವರ ಮಗಳು ದಾವಣಗೆರೆಯಿಂದ ಫೋನು ಮಾಡಿ, ಅಪ್ಪ ಹೋಗಿಬಿಟ್ಟರು ಆಂಟಿ ಎಂದಳು. ನಾನು, "ಅಲ್ಲಿ ಮಳೆ ಇತ್ತಾ?" ಎಂದು ಕೇಳಿದೆ. "ಇಲ್ಲ, ಚೆನ್ನಾಗಿ ಬಿಸಿಲಿತ್ತು," ಎಂದಳು. ಸದ್ಯ, ಅಷ್ಟಾದರೂ ಆಯಿತಲ್ಲ ಎನ್ನಿಸಿತು. ಆಮೇಲೆ ಫೋನಿಟ್ಟು ಬಹಳ ಹೊತ್ತು ಅತ್ತೆ.

ಎಪ್ಪತ್ತರ ದಶಕದ ಮಾತು. ಯಮುನೆಯ ಆಚೆ ದಡವನ್ನು ದೆಹಲಿಯವರು ಆಗ ಜಮ್ನಾ ಪಾರ್ ಎಂದು ಮೂಗು ಮುರಿದೇ ಹೇಳುತ್ತಿದ್ದರು. ಮೂಗು ಮುರಿಯುವಂತೆಯೇ ಇತ್ತು, ಸುಳ್ಳೇಕೆ ಹೇಳಲಿ. ಗೋಧಿ ಹೊಲಗಳನ್ನು ಕೊಂಡು ಸರ್ಕಾರಿ ನೌಕರರೇ ಹೆಚ್ಚಾಗಿದ್ದ ಒಂದು ಹೌಸಿಂಗ್ ಸೊಸೈಟಿ ನಿವೇಶನ ಮಾಡಿ ಹಂಚಿತು. ಹೆಚ್ಚಿನವರು ಪಂಜಾಬಿನವರು, ನಾಲ್ಕಾರು ಮನೆ ನಮ್ಮ ಕಡೆಯವರು. ನಮ್ಮ ಯಜಮಾನರದು ಊರೂರು ತಿರುಗುವ ಆಡಿಟ್ ಕೆಲಸ. ಮೀಟಿಂಗು, ಸಹಿ ಎಂದರೆ ಊರಲ್ಲಿರುವವರು ಬೇಕಲ್ಲ, ಹಾಗಾಗಿ ನಿವೇಶನ ನನ್ನ ಹೆಸರಿನಲ್ಲಾಯಿತು. ನಾನೂ ಸೆಕ್ರೆಟೇರಿಯಟ್ಟಿನಲ್ಲಿ ಗುಮಾಸ್ತೆಯಾಗಿದ್ದೆ.

ರಾಯರು ಸೊಸೈಟಿಯ ಕಾರ್ಯದರ್ಶಿ. ನಿವೇಶನಗಳಿಗೆ ಚೀಟಿ ಎತ್ತುವ ದಿನ ಡಬ್ಬಿ ಅವರ ಕೈಯಲ್ಲೇ ಇತ್ತು. ಎಲ್ಲರೂ ಎತ್ತಿ ಮುಗಿಸಿದ ಮೇಲೆ ತಳದಲ್ಲಿ ಉಳಿದ ಒಂದು ಚೀಟಿಯನ್ನು ತಾವು ತೆಗೆದುಕೊಂಡರು. ಅದು ಗಲ್ಲಿಯ ಕೊನೆಯ, ಎಲ್ಲಕ್ಕಿಂತ ತಗ್ಗಿನ ಜಾಗ. ಅದಕ್ಕೆ ತಾಗಿದ್ದು ನಮ್ಮದು. ಕಾರ್ಯದರ್ಶಿಯಾಗಿ ಒಳ್ಳೆಯ ಜಾಗ ನೋಡಿಕೊಳ್ಳಬಾರದಿತ್ತೆ ಎಂದು ಅಕ್ಕ ಆಗಾಗ ಕುಟುಕುತ್ತಿದ್ದರು. ಅವರು, "ಬಡಿಸುವವನು ಕೊನೇಲಿ ಉಣ್ಣಬೇಕು ಕಣೇ," ಎನ್ನುವರು. "ಉಣ್ಣಿ ಉಣ್ಣಿ, ಪಾತ್ರೆ ತೊಳೆದ ನೀರು ನಮ್ಮೆಲೆಗೇ ಬರುತ್ತೆ," ಎನ್ನುವರು ಅಕ್ಕ.

ಮೊದಲ ಎರಡು ಮಳೆಗಾಲ ಏನೂ ಆಗಲಿಲ್ಲ. ಅರ್ಧ ನಿವೇಶನಗಳು ಇನ್ನೂ ಬರಿ ಮಣ್ಣು, ನೀರು ಬಿದ್ದಲ್ಲೇ ಇಂಗುತ್ತಿತ್ತು. ಆಮೇಲೆ ಒಂದೊಂದೇ ಮನೆ ಎದ್ದಿತು. ಮನೆ ಎದ್ದ ಕಡೆಯೆಲ್ಲ ಅಂಗಳಕ್ಕೆ ಸಿಮೆಂಟು ಬಿತ್ತು. ಗಲ್ಲಿಯಲ್ಲಿ ಇದ್ದ ಚರಂಡಿ ಒಂದು ಗೇಣು ಅಗಲದ್ದು. ಅದರೊಳಕ್ಕೆ ಮನೆ ಕಟ್ಟಿದ ಕಲ್ಲುಮಣ್ಣು ತುಂಬಿತು. ದೊಡ್ಡ ನಾಲಾ ಎರಡು ಹೊಲದಾಚೆ ಇತ್ತು, ಅಲ್ಲಿಗೆ ನೀರು ಮುಟ್ಟುವ ದಾರಿಯೇ ಇರಲಿಲ್ಲ. ನಗರಪಾಲಿಕೆಯವರು ಕಾಲೋನಿಯನ್ನು ವಹಿಸಿಕೊಳ್ಳುವ ತನಕ ಒಳಗಿನ ಚರಂಡಿ ಸೊಸೈಟಿಯದೇ ಹೊಣೆ ಎಂದು ಕಾನೂನು. ಹೀಗೆ ಪ್ರತಿ ಮಳೆಗೂ ಗಲ್ಲಿಯ ನೀರೆಲ್ಲ ರಾಯರ ಮನೆಯೊಳಗೆ ಬರತೊಡಗಿತು. ಅಕ್ಕನ ಮಂಚದ ಕಾಲುಗಳ ಕೆಳಗೆ ಇಟ್ಟಿಗೆಗಳು ಬಂದವು. ಮಂಚ ವರ್ಷ ವರ್ಷ ಎತ್ತರವಾಯಿತು.

"ನೋಡೇ, ನನಗೆ ಪ್ರಮೋಷನ್ ಆಯ್ತು," ಎಂದು ಅಕ್ಕ ನನಗೆ ಹೊಸ ಇಟ್ಟಿಗೆ ತೋರಿಸುವರು. ಆಮೇಲೆ ದನಿ ತಗ್ಗಿಸಿ, "ಈ ರೂಮು ಬಿಟ್ಟು ನಾನು ಎಲ್ಲಿಗೂ ಹೋಗಲ್ಲ ಕಣೇ. ಇಲ್ಲಿಂದ ಬಾಗಿಲು ಕಾಣುತ್ತೆ, ಬಾಗಿಲಲ್ಲಿ ನೀವೆಲ್ಲ ಕಾಣ್ತೀರ. ನನಗೆ ಇನ್ನೇನಿದೆ?" ಎನ್ನುವರು. ರಾಯರ ಒದ್ದಾಟವೆಲ್ಲ ಆ ಒಂದು ಕೋಣೆ ಒಣಗಿರಲಿ ಎಂಬುದಕ್ಕೆ. ಬೇರೆ ಯಾವ ಆಸೆಯೂ ಆ ಮನುಷ್ಯನಿಗೆ ಇದ್ದದ್ದು ನನಗೆ ಗೊತ್ತಿಲ್ಲ.

ನಾನೊಮ್ಮೆ ಕೇಳಿದೆ, "ರಾಯರೇ, ಗೇಟಿಗೆ ಅಡ್ಡ ಒಂದು ಮೋಟುಗೋಡೆ ಹಾಕಿಸಿಬಿಡಿ. ನೀರು ಬರೋದೇ ಇಲ್ಲ."

"ಬರೋದಿಲ್ಲಮ್ಮ, ನಿಜ. ಎಲ್ಲಿಗೆ ಹೋಗುತ್ತೆ ಹೇಳಿ ನೋಡೋಣ?"

ಅವರು ಕೊಡೆಯ ತುದಿಯನ್ನು ನಮ್ಮ ಗೇಟಿನ ಕಡೆ ತಿರುಗಿಸಿದರು. "ನಿಮ್ಮ ಅಡುಗೆಮನೆಗೆ."

"ಇವರಿಗೆ ಕಟ್ಟಿಕೊಂಡವಳಿಗಿಂತ ಪಕ್ಕದವರು ಕಟ್ಟಿಕೊಂಡ ಮನೆ ಹೆಚ್ಚು," ಎಂದು ಒಳಗಿನಿಂದ ಮಾತು ಬಂತು.

ನನ್ನ ಅಂಗಳಕ್ಕೂ ಸಿಮೆಂಟು ಹಾಕಿಸಬೇಕೆಂದಿದ್ದೆ. ದೆಹಲಿಯ ಪುಡಿಮಣ್ಣಿನ ಮೇಲೆ ರಂಗೋಲಿ ನಿಲ್ಲುವುದಿಲ್ಲ, ಧೂಳೆಬ್ಬಿಸುವ ಆಂಧಿ ಬೀಸಿದರೆ ಚುಕ್ಕಿಯೂ ಇಲ್ಲ ಎಳೆಯೂ ಇಲ್ಲ. ಸಿಮೆಂಟು ಮೂಟೆ ಬಂದು ಬಿದ್ದಿತ್ತು. ರಾಯರು ಭಾನುವಾರ ಬೆಳಿಗ್ಗೆ ಸೈಕಲ್ ರಿಕ್ಷಾದಲ್ಲಿ ಒಂದು ಚಪ್ಪಡಿ ಕಲ್ಲು ಹೇರಿಕೊಂಡು ಬಂದರು. "ಅಮ್ಮಾ, ರಂಗೋಲಿಗೆ ಇಷ್ಟು ಸಾಲದಾ? ಉಳಿದದ್ದು ಮಣ್ಣೇ ಇರಲಿ, ನೀರು ಕುಡಿಯಲಿ," ಎಂದರು. ಇಷ್ಟು ಹೇಳುವುದಕ್ಕೆ ಆ ಮನುಷ್ಯ ಕಲ್ಲಿನ ಜೊತೆ ರಿಕ್ಷಾ ತಳ್ಳಿಕೊಂಡು ಎಲ್ಲಿಂದಲೋ ಬಂದಿದ್ದರು, ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನಾನು ಇಲ್ಲವೆನ್ನಲು ಆಗಲಿಲ್ಲ. ಆ ಚಪ್ಪಡಿ ಈಗಲೂ ನನ್ನ ಬಾಗಿಲ ಮುಂದಿದೆ.

ಅವರ ಯೋಜನೆ ಹುಟ್ಟಿದ್ದೂ ಆ ಅಂಗಳದಿಂದಲೇ. ಗಲ್ಲಿಗೆ ಅಗಲವಾದ ಚರಂಡಿ ತೋಡಿ ದೊಡ್ಡ ನಾಲಾಕ್ಕೆ ಸೇರಿಸಬೇಕು, ಪ್ರತಿ ವರ್ಷ ಮಳೆಗೆ ಮುಂಚೆ ಹೂಳೆತ್ತಿಸಬೇಕು. ಅದಕ್ಕೆ ಮನೆಯ ಮಾಲೀಕರೆಲ್ಲ ವರ್ಷಕ್ಕೊಮ್ಮೆ ಶುಲ್ಕ ಕೊಡಬೇಕು. ಆದರೆ ಎಲ್ಲರಿಗೂ ಒಂದೇ ಅಲ್ಲ. ಯಾರ ನಿವೇಶನದಲ್ಲಿ ಎಷ್ಟು ಜಾಗ ಛಾವಣಿಯೋ ಸಿಮೆಂಟೋ ಆಗಿದೆಯೋ ಅಷ್ಟಕ್ಕೆ ಲೆಕ್ಕ. ಮಣ್ಣು ಬಿಟ್ಟವರಿಗೆ ಆ ಮಣ್ಣಿನ ಮಟ್ಟಿಗೆ ಮಾಫಿ. ಮೊತ್ತವೇನೂ ಹೆಚ್ಚಲ್ಲ, ಬೇಸಿಗೆಯಲ್ಲಿ ಒಂದು ಮನೆಯವರು ಮಾವಿನಹಣ್ಣಿಗೆ ಹಾಕುವಷ್ಟೂ ಇಲ್ಲ. ಜನ ಹೌಹಾರಿದ್ದು ಹಣಕ್ಕಲ್ಲ, ಮಳೆಗೆ ಶುಲ್ಕ ಎಂಬ ಮಾತಿಗೆ.

ಎಲ್ಲರಿಗಿಂತ ಜೋರಾಗಿ ಹೌಹಾರಿದವರು ನಮ್ಮ ಕಡೆಯವರೇ. ಗಲ್ಲಿಯ ಮೇಲ್ತುದಿಯಲ್ಲಿ ಎರಡು ನಿವೇಶನ ಸೇರಿಸಿ ಮನೆ ಕಟ್ಟಿದ್ದ, ಕರಾವಳಿಯಿಂದ ಬಂದು ದೆಹಲಿಯಲ್ಲಿ ಇಡ್ಲಿ ದೋಸೆಯ ಹೋಟೆಲು ನಡೆಸುತ್ತಿದ್ದ ಮಾಲೀಕರು. ಗಲ್ಲಿಯಲ್ಲಿ ಅವರನ್ನು ಹೋಟೆಲಿನವರು ಎಂದೇ ಕರೆಯುತ್ತಿದ್ದರು. ಅಂಗಳ ಪೂರ್ತಿ ಸಿಮೆಂಟು, ನಡುವೆ ಒಂದು ತುಳಸಿಕಟ್ಟೆ, ಅದಕ್ಕೂ ಮೊಸಾಯಿಕ್.

"ಮಳೆ ನಾನು ಸುರಿಸಿದ್ದಾ ಮಾರಾಯ್ರೆ? ದೇವರು ಸುರಿಸಿದ್ದು. ದೇವರ ಹತ್ರ ಶುಲ್ಕ ಕೇಳಿ."

ರಾಯರು ನಗುತ್ತ, "ಮಳೆ ದೇವರದು, ಒಪ್ಪಿದೆ. ಸಿಮೆಂಟು ನಿಮ್ಮದಲ್ವಾ?" ಎಂದರು.

ಹೋಟೆಲಿನವರು ಕೆಟ್ಟವರೆಂದು ಯಾರೂ ತಿಳಿಯಬಾರದು. ಮಳೆ ಜೋರಾದರೆ ಸಾಕು, ತಮ್ಮ ಕೆಲಸದವರನ್ನು ಬಕೆಟುಗಳ ಸಮೇತ ರಾಯರ ಮನೆಗೆ ಅಟ್ಟುತ್ತಿದ್ದರು. ಅವರು ನೀರು ಎತ್ತಿ ಹೊರಗೆ ಸುರಿಯುತ್ತಿದ್ದರು, ಅದು ಸುತ್ತಿಕೊಂಡು ಒಳಗೆ ಬರುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹಿಂದೆಯೇ ಅಕ್ಕನಿಗೆ ಬಿಸಿ ಇಡ್ಲಿಯ ಡಬ್ಬಿ ಬರುತ್ತಿತ್ತು. ಇಷ್ಟೆಲ್ಲ ಖರ್ಚು ಮಾಡುವವರು ಆ ಚಿಲ್ಲರೆ ಶುಲ್ಕಕ್ಕೆ ಯಾಕೆ ಒಲ್ಲೆ ಎನ್ನುತ್ತೀರಿ ಎಂದು ನಾನೇ ಕೇಳಿದೆ.

"ಅಮ್ಮ, ಕೊಡೋದು ಬೇರೆ, ಕಟ್ಟೋದು ಬೇರೆ," ಎಂದರು. "ಇಡ್ಲಿ ಕಳಿಸಿದ್ರೆ ಪುಣ್ಯಾತ್ಮ ಅಂತಾರೆ. ಶುಲ್ಕ ಕಟ್ಟಿದ್ರೆ, ನೀರು ಬಿಟ್ಟ ತಪ್ಪಿಗೆ ಕಟ್ಟಿದ ಅಂತ ಆಗ್ತದೆ. ನಾನು ಏನು ತಪ್ಪು ಮಾಡಿದ್ದೇನೆ?"

ಇದನ್ನು ರಾಯರಿಗೆ ಹೇಳಿದೆ. ಅವರು ಡಬ್ಬಿಯ ಮುಚ್ಚಳ ತೆಗೆದು ಇಡ್ಲಿಯನ್ನು ನೋಡಿದರು, ಮತ್ತೆ ಮುಚ್ಚಿದರು. "ನನಗೆ ಉಪಕಾರ ಬೇಡಮ್ಮ, ಚರಂಡಿ ಬೇಕು," ಎಂದರು. ಅವರ ದನಿ ಒಡೆದದ್ದನ್ನು ನಾನು ಕೇಳಿದ್ದು ಆಗ ಒಮ್ಮೆಯೇ. ಅಕ್ಕ ಒಳಗಿನಿಂದ, "ಚರಂಡಿ ಬರೋ ತನಕ ಇಡ್ಲಿ ಬರಲಿ, ಇಲ್ಲಿ ಕೊಡಿ," ಎಂದರು.

ದೇಶದಲ್ಲಿ ಎಲ್ಲರೂ ದನಿ ತಗ್ಗಿಸಿ ಮಾತಾಡುತ್ತಿದ್ದ ಕಾಲ ಅದು, ತುರ್ತುಪರಿಸ್ಥಿತಿ. ಸೊಸೈಟಿಯ ಸದಸ್ಯರೊಬ್ಬರಿಗೆ ಮೇಲಿನವರ ಪರಿಚಯವಿತ್ತು. ಅವರು ರಾಯರ ಮನೆಗೆ ಬಂದು, "ರಾವ್ ಸಾಹಬ್, ಒಂದು ಮಾತು ಹೇಳಿ. ಒಬ್ಬ ಅಫ್ಸರ್ ಜೀಪಿನಲ್ಲಿ ಗಲ್ಲಿಗೆ ಬಂದು ಹೋದರೆ ಸಾಕು, ಸಂಜೆಯೊಳಗೆ ಸಬ್ ಕಾ ಪೈಸಾ ಜಮಾ," ಎಂದರು. ನಾನು ಅಕ್ಕನ ಹತ್ತಿರ ಕೂತಿದ್ದೆ. ನಿಜ ಹೇಳುತ್ತೇನೆ, ನನಗೆ ಆಸೆಯಾಯಿತು. ರಾಯರು ಚಹಾ ಕೊಟ್ಟು ಅವರನ್ನು ಬೀಳ್ಕೊಟ್ಟು ಬಂದು, "ಹೆದರಿಸಿ ಕಟ್ಟಿಸಿದ ಚರಂಡೀನ ಯಾರೂ ಹೂಳೆತ್ತಿಸಲ್ಲ," ಎಂದರು. ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದರು.

ಅವರ ಆಫೀಸಿನ ಒಂದು ಸಂಗತಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ರಾಯರದು ಗುತ್ತಿಗೆಗಳನ್ನು ನೋಡಿಕೊಳ್ಳುವ ವಿಭಾಗ. ಅಲ್ಲೊಂದು ಪದ್ಧತಿ: ಗುತ್ತಿಗೆ ಕೇಳಿದವರು ನಿಮಗೆ ಬೇಕಾದವರಾಗಿದ್ದರೆ ಅದನ್ನು ಮೊದಲೇ ಹೇಳಿ ನೀವು ಕೋಣೆಯಿಂದ ಹೊರಗೆ ಹೋಗಬೇಕು. ಎಷ್ಟೋ ಜನ ಹೇಳದೆಯೇ ಕೂತಿರುತ್ತಿದ್ದರು. ಒಮ್ಮೆ ಆಫೀಸಿನ ಕ್ಯಾಂಟೀನಿಗೆ ನಮ್ಮ ಹೋಟೆಲಿನವರೂ ಅರ್ಜಿ ಹಾಕಿದರು. ರಾಯರು ಎದ್ದು, ಇವರು ನನ್ನ ಗಲ್ಲಿಯವರು, ಇವರ ಮನೆ ಇಡ್ಲಿ ತಿಂದಿದ್ದೇನೆ ಎಂದು ಹೇಳಿ ಹೊರನಡೆದರು. ಒಳಗೆ ಹೋಟೆಲಿನವರ ಪರ ಆಡುವವರು ಇನ್ಯಾರೂ ಇರಲಿಲ್ಲ, ಕ್ಯಾಂಟೀನು ಬೇರೆಯವರ ಪಾಲಾಯಿತು. ಹೋಟೆಲಿನವರು ಇದನ್ನು ನಗುನಗುತ್ತಲೇ ಎಲ್ಲರಿಗೂ ಹೇಳುತ್ತಿದ್ದರು, "ನನ್ನ ಇಡ್ಲಿ ತಿಂದ ತಪ್ಪಿಗೆ ನನ್ನ ಕ್ಯಾಂಟೀನು ಹೋಯ್ತು." ನಗುತ್ತಿದ್ದರು, ಮರೆತಿರಲಿಲ್ಲ.

ಶುಲ್ಕದ ಪ್ರಸ್ತಾವ ಸೊಸೈಟಿಯ ವಾರ್ಷಿಕ ಸಭೆಗೆ ಬಂದದ್ದು ಚಳಿಗಾಲದಲ್ಲಿ. ಮಳೆಗಾಲದಲ್ಲಿ ಸಭೆ ಸೇರಲು ಒಣ ಜಾಗವಿಲ್ಲ, ಚಳಿಗಾಲದಲ್ಲಿ ಮಳೆಯ ನೆನಪಿಲ್ಲ. ಪಾರ್ಕಿಗೆಂದು ಬಿಟ್ಟಿದ್ದ ಖಾಲಿ ಜಾಗದಲ್ಲಿ ಶಾಮಿಯಾನ ಹಾಕಿ, ಜಮಖಾನ ಹಾಸಿದ್ದರು. ಜನ ಬಿಸಿಲಿಗೆ ಬೆನ್ನು ಕೊಟ್ಟು ಕಡಲೆಕಾಯಿ ಸುಲಿಯುತ್ತಿದ್ದರು. ಅಧ್ಯಕ್ಷರು ಸೈನ್ಯದಿಂದ ನಿವೃತ್ತರಾದ ಪಂಜಾಬಿನವರು, ಕರ್ನಲ್ ಸಾಹೇಬರು. ಬೈಲಾ ಪ್ರಕಾರ ಹೊಸ ಶುಲ್ಕ ಹಾಕಬೇಕಾದರೆ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೈ ಎತ್ತಬೇಕು. ರಾಯರು ಎರಡು ತಿಂಗಳು ಮನೆ ಮನೆ ಸುತ್ತಿದ್ದರು. ಪಂಜಾಬಿ ಮನೆಗಳಲ್ಲಿ ಲೋಟದ ತುಂಬ ಲಸ್ಸಿ ಕುಡಿದು ನೆಗಡಿ ಹತ್ತಿಸಿಕೊಂಡಿದ್ದರು. ಸಾಕಷ್ಟು ಜನ ಒಪ್ಪಿದ್ದರು.

ಅವರು ತಮ್ಮ ಮುರುಕು ಹಿಂದಿಯಲ್ಲಿ ಚೆನ್ನಾಗಿಯೇ ಮಾತಾಡಿದರು. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವುದು ನಮ್ಮ ಸಭೆಗಳ ವಾಡಿಕೆ. ಅಂದು ಆಶ್ಚರ್ಯ, ಹೆಚ್ಚಿನವರು ತಲೆಯಾಡಿಸುತ್ತಿದ್ದರು. ಕರ್ನಲ್ ಸಾಹೇಬರು ಕೈ ಎತ್ತಿ ಎನ್ನುವಷ್ಟರಲ್ಲಿ ಹೋಟೆಲಿನವರು ಎದ್ದು ನಿಂತರು. ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲಿ ಒಂದು ಮಾತು, ರಾಯರಿಗೆ ನಾಟಲೆಂದು ಕನ್ನಡದಲ್ಲಿ ಒಂದು.

"ಗಲ್ಲಿಯಲ್ಲಿ ನೀರು ಹೋಗೋದು ಒಬ್ಬರ ಮನೆಗೆ. ಶುಲ್ಕ ಕೇಳೋರೂ ಅವರೇ, ಕಾರ್ಯದರ್ಶಿಯೂ ಅವರೇ, ಕೈ ಎತ್ತೋರೂ ಅವರೇ. ರಾಯರೇ, ನಿಮ್ಮ ಆಫೀಸಿನಲ್ಲಾಗಿದ್ರೆ ಏನು ಮಾಡ್ತಿದ್ರಿ?"

ಅದು ತಮಾಷೆಯ ದನಿಯೇ. ನಾಲ್ಕು ಜನ ನಕ್ಕರು ಕೂಡ. ರಾಯರು ನಗಲಿಲ್ಲ. "ನೀವು ಹೇಳಿದ್ದು ಸರಿ," ಎಂದರು. ಕೈಯಲ್ಲಿದ್ದ ಕಾಗದಗಳನ್ನು ಕರ್ನಲ್ ಸಾಹೇಬರ ಮುಂದಿಟ್ಟು, ಚಪ್ಪಲಿ ಹುಡುಕಿ ಮೆಟ್ಟಿಕೊಂಡರು.

"ಅರೆ ಬೈಠಿಯೇ ರಾವ್ ಸಾಹಬ್, ಇದು ಆಫೀಸಲ್ಲ," ಎಂದು ಕರ್ನಲ್ ಸಾಹೇಬರು ಕರೆದರು. ಹೋಟೆಲಿನವರೇ ಗಾಬರಿಯಾಗಿ, "ಕೂತುಕೊಳ್ಳಿ ಮಾರಾಯ್ರೆ, ನಾನು ಸುಮ್ಮನೆ ಹೇಳಿದ್ದು," ಎಂದರು. ಅವರು ಶಾಮಿಯಾನದ ಪರದೆ ಸರಿಸಿ ಹೊರಗೆ ಹೋಗಿಯಾಗಿತ್ತು.

ಕೈಗಳನ್ನು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಒಂದು ಕೈ ಕಡಿಮೆ ಬಿತ್ತು.

ನಾನು ಎದ್ದು ಹೊರಗೆ ಓಡಿದೆ. ಶಾಮಿಯಾನದ ಹಿಂದೆ ಒಂದು ಹ್ಯಾಂಡ್‌ಪಂಪು. ಅದರ ಪಕ್ಕದಲ್ಲಿ ಅವರು ಒಬ್ಬರೇ, ನನಗೆ ಬೆನ್ನು ಹಾಕಿ ನಿಂತಿದ್ದರು. ಬಲಗೈ ತಲೆಯ ಹತ್ತಿರ ಇತ್ತು. ನನ್ನ ಹೆಜ್ಜೆ ಕೇಳಿ ಮಫ್ಲರ್ ಸರಿಮಾಡಿಕೊಂಡು ತಿರುಗಿದರು.

"ರಾಯರೇ, ಒಂದೇ ಒಂದು ಕೈ ಕಡಿಮೆ ಬಿದ್ದಿದೆ. ಬನ್ನಿ, ಇನ್ನೂ ಬರೆದುಕೊಂಡಿಲ್ಲ. ಕರ್ನಲ್ ಸಾಹೇಬರು ಕಾಯ್ತಿದ್ದಾರೆ."

"ಹೊರಗೆ ಬಂದವನು ಮತ್ತೆ ಒಳಗೆ ಹೋಗಬಾರದಮ್ಮ."

"ಅಕ್ಕನ ಮುಖ ನೋಡಿಯಾದರೂ ಬನ್ನಿ!"

ಅವರು ಪಂಪಿನ ಕೆಳಗೆ ನಿಂತಿದ್ದ ನೀರನ್ನು ನೋಡುತ್ತ, "ಅವಳ ಮುಖ ನೋಡೋದು ಹೇಗೆ ಅಂತಲೇ ಯೋಚನೆ ಮಾಡ್ತಿದ್ದೀನಿ," ಎಂದರು. ಬರಲಿಲ್ಲ. ನನಗೆ ಅವರ ಮೇಲೆ ಕೆಟ್ಟ ಕೋಪ ಬಂತು. ಆ ಕೋಪ ಇವತ್ತಿಗೂ ಪೂರ್ತಿ ಇಳಿದಿಲ್ಲ. ಎಷ್ಟು ಗೌರವವಿದೆಯೋ ಅಷ್ಟೇ ಕೋಪವೂ ಇದೆ, ಏನು ಮಾಡಲಿ.

ಮುಂದಿನ ಮಳೆಗಾಲದ ಮಳೆ ಮಾಮೂಲಿ ಮಳೆಯಲ್ಲ. ಯಮುನೆ ಉಕ್ಕಿ ನಾಲಾಗಳಿಗೆ ನೀರು ತಿರುಗಿ ನುಗ್ಗಿತು. ನಮ್ಮ ಗಲ್ಲಿಗೆ ಮೇಲಿನಿಂದ ಇಳಿಯುವ ನೀರೂ ಬಂತು, ಕೆಳಗಿನಿಂದ ಏರುವ ನೀರೂ ಬಂತು. ಮಧ್ಯಾಹ್ನದ ಹೊತ್ತಿಗೆ ಅಕ್ಕನ ಮಂಚದ ಇಟ್ಟಿಗೆಗಳೆಲ್ಲ ಮುಳುಗಿ ಹಾಸಿಗೆಯ ಅಂಚು ತೊಯ್ಯುತ್ತಿತ್ತು. ರಾಯರು ಮಂಚದ ಪಕ್ಕದಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಆಕೆಯ ತಲೆಯನ್ನು ಎತ್ತಿ ಹಿಡಿದಿದ್ದರು. ಬೇರೇನೂ ಮಾಡುವಂತಿರಲಿಲ್ಲ.

ಬಂದವರು ಹೋಟೆಲಿನವರೇ. ಕೆಲಸದವರನ್ನು ಕರೆದುಕೊಂಡು, ಹೋಟೆಲಿನ ಉದ್ದನೆಯ ಮೇಜೊಂದನ್ನು ಹೊರಿಸಿಕೊಂಡು, ತಾವೇ ಪಂಚೆ ಎತ್ತಿ ಕಟ್ಟಿ ನೀರಿಗಿಳಿದರು. ಅಕ್ಕನನ್ನು ಮೇಜಿನ ಮೇಲೆ ಮಲಗಿಸಿ ನಾಲ್ವರು ಹೆಗಲು ಕೊಟ್ಟರು. ನಮ್ಮ ಮನೆಯ ತಾರಸಿಯ ಮೇಲೆ ಒಂದು ಬರಸಾತಿ, ಒಂಟಿ ಕೋಣೆ ಇತ್ತು; ಅಲ್ಲಿಗೆ ಏರಿಸಿದರು. ಮೆಟ್ಟಿಲು ಹತ್ತುವಾಗ ಅಕ್ಕ, "ಮಸಾಲೆ ದೋಸೆ ಮಹಡಿಗೆ ಹೋಗ್ತಾ ಇದೆ, ದಾರಿ ಬಿಡ್ರಪ್ಪ," ಎಂದರು. ಹೊತ್ತವರೆಲ್ಲ ನಕ್ಕರು. ಹೋಟೆಲಿನವರು ನಗಲಾರದೆ ಕಣ್ಣೊರೆಸಿಕೊಂಡರು. ಅದು ಮಳೆ ನೀರೆಂದು ಯಾರೂ ತಿಳಿಯಲಿಲ್ಲ.

ಬರಸಾತಿಯಲ್ಲಿ ಅಕ್ಕ ಎರಡು ವಾರ ಇದ್ದರು. ಅಲ್ಲಿಂದ ಆಕಾಶ ಮಾತ್ರ ಕಾಣುತ್ತಿತ್ತು. ಒಂದು ದಿನ ನಾನು ತಲೆ ಬಾಚುತ್ತಿದ್ದಾಗ ಅವರು ಕೇಳಿದರು, "ಮೀಟಿಂಗಲ್ಲಿ ಒಂದು ಕೈ ಕಡಿಮೆ ಬಿತ್ತಂತೆ, ಹೌದಾ?"

ಯಾರು ಹೇಳಿದರೋ. ರಾಯರಂತೂ ಹೇಳಿರಲಾರರು ಎಂದುಕೊಂಡೆ.

"ಇವರೇ ಹೇಳಿದ್ರು," ಎಂದರು ಅಕ್ಕ. "ಅವತ್ತೇ ಬಂದು, ಪಕ್ಕದಲ್ಲಿ ಕೂತು ಹೇಳಿದ್ರು. ನನ್ನ ಕೈ ಒಂದಿದ್ದಿದ್ರೆ ಆಗ್ತಿತ್ತು ಕಣೇ ಅಂತ. ಬೈಯಬೇಕು ಅಂತ ಬಾಯಿ ತೆಗೆದೆ. ಆ ಮುಖ ನೋಡಿ ಏನು ಬೈಯೋದು? ಇವರು ಹೀಗೆ ಅಂತ ಗೊತ್ತಿದ್ದೇ ಇಷ್ಟು ವರ್ಷ ಬಾಳಿದ್ದೀನಿ." ಆಕಾಶದ ಕಡೆ ನೋಡುತ್ತ, "ಆದ್ರೂ ಒಂದು ಸಲ ತಪ್ಪು ಮಾಡಬಹುದಿತ್ತು. ನನಗೋಸ್ಕರ," ಎಂದರು. ನಾನು ಹೆಣೆದಿದ್ದ ಜಡೆ ಬಿಚ್ಚಿ ಮತ್ತೆ ಮೊದಲಿಂದ ಬಾಚತೊಡಗಿದೆ.

ನೀರೇನೋ ಇಳಿಯಿತು, ಗೋಡೆಯ ತೇವ ಇಳಿಯಲಿಲ್ಲ. ಇನ್ನು ಆ ಮನೆಯಲ್ಲಿ ಆಕೆಯನ್ನು ಮಲಗಿಸಬೇಡಿ ಎಂದು ಡಾಕ್ಟರು ಖಂಡಿತ ಹೇಳಿದರು. ರಾಯರು ನಿವೃತ್ತಿಗೆ ಮುಂಚೆಯೇ ಕೆಲಸ ಬಿಟ್ಟು, ಸಿಕ್ಕ ಬೆಲೆಗೆ ಮನೆ ಮಾರಿ, ದಾವಣಗೆರೆಯಲ್ಲಿದ್ದ ಮಗಳ ಮನೆಗೆ ಹೊರಟರು. ಕೊಳ್ಳಲು ಬಂದವರಿಗೆಲ್ಲ ಮೊದಲು, ಈ ಮನೆಗೆ ನೀರು ಬರುತ್ತದೆ ಎಂದು ಹೇಳಿ ಆಮೇಲೆ ಒಳಗೆ ಕರೆಯುತ್ತಿದ್ದರಂತೆ. ಹಾಗೆ ಮಾರಿದರೆ ಎಷ್ಟು ಬೆಲೆ ಬಂದೀತು? ಹೊರಡುವ ದಿನ ಅಕ್ಕ ಟ್ಯಾಕ್ಸಿಯಲ್ಲಿ ಮಲಗಿಕೊಂಡೇ ನನ್ನ ಕೈ ಹಿಡಿದು, "ಬಾಗಿಲು ಕಾಣೋ ರೂಮು ಕೊಡ್ತಾಳಂತೆ ಮಗಳು," ಎಂದರು. ಅಲ್ಲಿ ಅವರು ಬಹಳ ದಿನ ಬದುಕಲಿಲ್ಲ.

ಮನೆ ಕೊಂಡವರು ಗೃಹಪ್ರವೇಶಕ್ಕಿಂತ ಮೊದಲು ಮಾಡಿದ ಕೆಲಸ, ಗೇಟಿಗೆ ಅಡ್ಡ ಸೊಂಟದೆತ್ತರದ ಗೋಡೆ. ಅವರನ್ನು ನಾನು ದೂರಲಾರೆ, ನಾನೇ ಒಮ್ಮೆ ಆ ಉಪಾಯ ಹೇಳಿದ್ದವಳು. ಮುಂದಿನ ಆಷಾಢದ ಮೊದಲ ಮಳೆಗೆ ನಾನು ಅಡುಗೆಮನೆಯಲ್ಲಿ ಕುಕ್ಕರ್ ಇಡುತ್ತಿದ್ದೆ. ಕಾಲಿಗೆ ತಣ್ಣಗೆ ಏನೋ ತಾಗಿತು. ಬಗ್ಗಿ ನೋಡಿದರೆ ನೀರು, ಅದರ ಮೇಲೆ ಒಂದು ಬೇವಿನ ಎಲೆ. ರಾಯರು ಎಂದೋ ಕೊಡೆಯ ತುದಿಯಿಂದ ತೋರಿಸಿದ ಜಾಗಕ್ಕೇ ಬಂದಿತ್ತು.

ಆ ಚಳಿಗಾಲ ನಾನು ಮನೆ ಮನೆ ಸುತ್ತಿದೆ. ನಾನೂ ಲಸ್ಸಿ ಕುಡಿದೆ. ಹೋಟೆಲಿನವರು ನನ್ನನ್ನು ಕೂರಿಸಿ, "ಅಮ್ಮ, ಈ ಸಲ ನಾನು ಕೈ ಎತ್ತುತ್ತೇನೆ. ಆ ಮೇಜು ಕಂಡಾಗೆಲ್ಲ ನನಗೆ ಊಟ ಸೇರೋದಿಲ್ಲ," ಎಂದರು. ನನಗೆ ಧೈರ್ಯ ಬಂತು. ಆದರೆ ಅಷ್ಟರಲ್ಲಿ ಹಳಬರು ಕೆಲವರು ಮಾರಿ ಹೋಗಿದ್ದರು, ಹೊಸಬರು ಬಂದಿದ್ದರು.

ಮತ್ತೆ ಅದೇ ಶಾಮಿಯಾನ, ಅದೇ ಕಡಲೆಕಾಯಿ. ನಾನು ಓದಿ ಮುಗಿಸಿದ ಮೇಲೆ ಹಿಂದಿನಿಂದ ಒಬ್ಬರು ಹೊಸ ಸದಸ್ಯರು ಎದ್ದರು. ಮನುಷ್ಯ ಬಹಳ ಮರ್ಯಾದಸ್ಥ, ಕೈ ಮುಗಿದೇ ಮಾತಾಡಿದರು.

"ಬೆಹೆನ್‌ಜೀ, ತಪ್ಪು ತಿಳಿಯಬೇಡಿ. ಈ ಸೊಸೈಟಿಯಲ್ಲಿ ಒಂದು ರಿವಾಜ್ ಇದೆ ಅಂತ ಕೇಳಿದ್ದೇನೆ. ಯಾರ ಮನೆಗೆ ಲಾಭವೋ ಅವರು ಕೈ ಎತ್ತುವಾಗ ಹೊರಗೆ ಹೋಗ್ತಾರೆ ಅಂತ. ಹಿಂದೆ ಒಬ್ಬರು ಬಹಳ ಒಳ್ಳೆಯ ಸೆಕ್ರೆಟರಿ ಇದ್ದರಂತೆ, ಅವರು ಹಾಕಿಕೊಟ್ಟದ್ದು."

ಹೋಟೆಲಿನವರು ಧಡಕ್ಕನೆ ಎದ್ದು, ರಿವಾಜೂ ಇಲ್ಲ ಏನೂ ಇಲ್ಲ ಎಂದು ಕೂಗಿದರು. ಕರ್ನಲ್ ಸಾಹೇಬರು ಬೈಲಾ ಪುಸ್ತಕ ತೆರೆದು, ಹಾಗೆಂದು ಎಲ್ಲೂ ಬರೆದಿಲ್ಲ ಎಂದರು. ಬರೆದಿಲ್ಲ, ನಿಜ. ನಾನು ಏಳುವುದಿಲ್ಲ ಎಂದು ಮನೆಯಿಂದಲೇ ನಿಶ್ಚಯ ಮಾಡಿಕೊಂಡು ಬಂದಿದ್ದೆ. ಯಾರು ಏನೇ ಹೇಳಲಿ, ಕೂತಲ್ಲಿಂದಲೇ ಕೈ ಎತ್ತುತ್ತೇನೆ, ರಾಯರು ಮಾಡಿದ ತಪ್ಪನ್ನು ನಾನು ಮಾಡುವುದಿಲ್ಲ ಎಂದು. ಆದರೆ ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದರು. ನಾನು ಕೂತರೆ, ಆ ಮನುಷ್ಯ ಹೆಂಡತಿಯ ಕೋಣೆಯನ್ನು ಕಳೆದುಕೊಂಡು ಉಳಿಸಿದ್ದು ಏನಿತ್ತೋ ಅದನ್ನು ನಾನು ನನ್ನ ಅಡುಗೆಮನೆಗಾಗಿ ಕಾಲಲ್ಲಿ ಒದ್ದ ಹಾಗಾಗುತ್ತಿತ್ತು. ಕಾಲು ತಾನಾಗಿ ಎದ್ದಿತು. ಚಪ್ಪಲಿ ಮೆಟ್ಟಿಕೊಂಡು ಪರದೆ ಸರಿಸಿ ಹೊರಗೆ ಬಂದೆ.

ಹ್ಯಾಂಡ್‌ಪಂಪು ಅಲ್ಲೇ ಇತ್ತು. ಒಳಗೆ ಕರ್ನಲ್ ಸಾಹೇಬರು ಏಕ್, ದೋ, ತೀನ್ ಎಂದು ಎಣಿಸತೊಡಗಿದ್ದು ಕೇಳಿಸುತ್ತಿತ್ತು. ಸುತ್ತ ಯಾರೂ ಇರಲಿಲ್ಲ. ನಾನು ಬಲಗೈ ಎತ್ತಿ ಹಿಡಿದು ನಿಂತೆ. ಅಂದು ರಾಯರು ಸರಿಮಾಡಿಕೊಳ್ಳುತ್ತಿದ್ದದ್ದು ಮಫ್ಲರನ್ನಲ್ಲ ಎಂದು ಆಗ ತಿಳಿಯಿತು.